ಮಗು ಮಲಗಿದ್ದ ಕಡೆಯ ಕಲ್ಲು

ಕಿವಿಗೆ ಹತ್ತಿ ತುರುಕಿ, ಮೇಲೆ ಉಲ್ಲನ್ ಸ್ಕಾರ್ಫ್ ಬಿಗಿದು, ಅದರ ಮೇಲೆ ಅಜ್ಜಿಯ ಹಳೇ ಸೀರೆಯ ತುಂಡನ್ನೂ ಸುತ್ತಿದ್ದರು. ಆದರೂ ಮೊದಲ ಕಲ್ಲಿನ ಸದ್ದು ನನಗೆ ಕೇಳಿಸಿತು. ತಲೆಯ ಮೇಲಿನ ಜಿಂಕ್ ಶೀಟು ಧಡ್ ಎಂದಿತು. ಪಕ್ಕದಲ್ಲಿ ಮಲಗಿದ್ದ ಮಗು ಎರಡೂ ಕೈ ಎತ್ತಿ ಬೆಚ್ಚಿಬಿದ್ದು, ಮತ್ತೆ ಮುಷ್ಟಿ ಬಿಗಿದು ನಿದ್ದೆಹೋಯಿತು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಸೂಲಿಬೆಲೆಯಿಂದ ಸ್ವಲ್ಪ ಒಳಗೆ ನಮ್ಮೂರು. ಹೆಣ್ಣು ಮಗು. ಇನ್ನೂ ಪುರುಡು ಕಳೆದಿರಲಿಲ್ಲ, ಆಸ್ಪತ್ರೆಯಲ್ಲಿ ಹಾಕಿದ ಹೊಲಿಗೆ ಕೂತರೂ ನಿಂತರೂ ಚುರ್ ಅನ್ನುತ್ತಿತ್ತು. ಹಂಚಿನ ಮನೆಯ ಹಿಂದೆ ಅಪ್ಪ ಹಾಕಿಸಿದ್ದ ಶೀಟಿನ ಕೋಣೆಯೇ ನನ್ನ ಬಾಣಂತಿ ಕೋಣೆ. ಇದ್ದ ಒಂದು ಕಿಟಕಿಗೂ ಅಜ್ಜಿ ಗೋಣಿಚೀಲ ಮೊಳೆ ಹೊಡೆಸಿದ್ದಳು. ಮಂಚದ ಪಕ್ಕ ಕೆಂಡದ ಬಾಂಡಲಿ, ಸಾಂಬ್ರಾಣಿ ಹೊಗೆ, ಮೂರು ಹೊತ್ತೂ ಬೆಳ್ಳುಳ್ಳಿ ವಾಸನೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಊರಿನ ಅರ್ಧ ಬಾಣಂತನ ಮಾಡಿದವಳು. ಅವಳ ಪ್ರಕಾರ ಬಾಣಂತಿಗೆ ಈ ಲೋಕದಲ್ಲಿ ಇರುವ ಶತ್ರು ಒಂದೇ, ಗಾಳಿ. ಫ್ಯಾನ್ ಹಾಕಿದರೆ ಗಾಳಿ, ಬಾಗಿಲು ತೆಗೆದರೆ ಗಾಳಿ, ಜಾಸ್ತಿ ಮಾತಾಡಿದರೂ ಹೊಟ್ಟೆಗೆ ಗಾಳಿ. ನಾನು ಹುಟ್ಟಿದಾಗಿನಿಂದ ಬಾಯಿಬಡುಕಿ ಅನ್ನಿಸಿಕೊಂಡವಳು. ಮಾತಾಡಬೇಡ ಅಂದರೆ ಸತ್ತೇಹೋಗುತ್ತೇನೆ ಅಂತ ಅವಳ ಹತ್ತಿರವೇ ಜಗಳಕ್ಕೆ ನಿಂತಿದ್ದೆ. "ಸಾಯ್ತೀಯ, ಮಾತಾಡಿದ್ರೇ ಸಾಯ್ತೀಯ, ಮುಚ್ಕೊಂಡು ಮಲಗೇ" ಅಂತ ಬಾಯಿಗೆ ಒಂದು ಎಲೆ ಅಡಿಕೆ ತುರುಕಿ ಹೋಗಿದ್ದಳು.

ಟಿವಿಯಲ್ಲಿ ಎರಡು ದಿನದಿಂದ ಚಂಡಮಾರುತ, ಚಂಡಮಾರುತ ಎಂದು ಕೆಂಪಕ್ಷರ ಓಡುತ್ತಿತ್ತು. ಈ ಸಲದ್ದು ಕಡಲು ದಾಟಿದ ಮೇಲೂ ಬಲ ಕಳೆದುಕೊಳ್ಳುವುದಿಲ್ಲ, ಹೊಸಕೋಟೆ ಕಡೆಗೂ ಬಿರುಗಾಳಿ ಬರುತ್ತದೆ ಅಂತ ಹೇಳುತ್ತಿದ್ದರು. ನಮ್ಮೂರಿನ ಹಾಲಿನ ಡೇರಿ ಮುಂದೆ ಎಲ್ಲರೂ ನಕ್ಕರಂತೆ. ಅಪ್ಪನೂ ನಗುತ್ತಲೇ ಬಂದ. "ಸಮುದ್ರ ಎಲ್ಲೈತೆ, ನಾವೆಲ್ಲಿದ್ದೀವಿ? ಮದ್ರಾಸ್‌ನೋರಿಗೆ ಬರೋದು ಅದು. ನಮಗೇನಿದ್ರೂ ಅದರ ಎಂಜಲು." ಮಾತು ಸುಳ್ಳಲ್ಲ. ನಮ್ಮ ಕಡೆ ಸೈಕ್ಲೋನ್ ಎಂದರೆ ಜಿಟಿಜಿಟಿ ಮಳೆ, ಥಂಡಿ, ಸ್ಕೂಲಿಗೆ ರಜೆ. ಗಾಳಿ ಎಂದರೆ ನಮಗೆ ಗೊತ್ತಿರುವುದು ಆಷಾಢದ ಗಾಳಿ. ಅದು ಪಡುವಣದಿಂದ ಬೀಸುತ್ತದೆ, ಒಂದೇ ಸಮ ಬೀಸುತ್ತದೆ, ಹಗ್ಗದ ಮೇಲಿನ ಬಟ್ಟೆ ಹಾರಿಸುತ್ತದೆ, ಹೋಗುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಚಂಡಮಾರುತಕ್ಕೆ ನಡೆದ ತಯಾರಿಯೆಲ್ಲ ಮಳೆಯ ತಯಾರಿ. ರಾಗಿ ಮೆದೆಗೆ ಟಾರ್ಪಾಲು ಹೊದಿಸಿ ಸುತ್ತ ಮಣ್ಣು ಒತ್ತಿದರು. ಒದ್ದೆ ಸೊಪ್ಪು ಹಾಕಿದರೆ ರೇಷ್ಮೆ ಹುಳಕ್ಕೆ ರೋಗ ಬರುತ್ತದೆಂದು ಅಮ್ಮ ಮುಂಚೆಯೇ ಸೊಪ್ಪು ಕೊಯ್ದು ತಂದು ಒಳಗೆ ಪೇರಿಸಿದಳು. ಹಸುವಿಗೆ ಹುಲ್ಲು ಎಳೆದುಹಾಕಿದರು. ಇಷ್ಟಾದ ಮೇಲೆ ಉಳಿದದ್ದು ನನ್ನ ಕೋಣೆ. ಗಾಳಿಗೆ ಶೀಟು ಹಾರದಂತೆ ನಮ್ಮ ಕಡೆಯವರು ಮಾಡುವುದು ಒಂದೇ, ಮೇಲೆ ಕಲ್ಲು ಹೇರುವುದು. ಆಷಾಢ ಬಂತೆಂದರೆ ಊರಿನ ಎಲ್ಲ ಶೀಟಿನ ಮನೆಗಳ ಮೇಲೂ ಒಂದೆರಡು ಕಲ್ಲು ಹೆಚ್ಚಾಗುತ್ತವೆ. ಆಷಾಢಕ್ಕೆ ಅಷ್ಟು ಬೇಕಾದರೆ ಚಂಡಮಾರುತಕ್ಕೆ ಎಷ್ಟು ಬೇಕು? ಇನ್ನೂ ಜಾಸ್ತಿ. ಅಪ್ಪನ ಲೆಕ್ಕ ಅದು.

ಹಾಗೆ ಏಣಿ ಹಾಕಿಕೊಂಡು ಹತ್ತಿದ. ಚಪ್ಪಡಿ ಚೂರು, ಸೈಜುಗಲ್ಲು, ಬಾವಿ ಕಟ್ಟೆಯದೊಂದು ಒಡೆದ ಕಲ್ಲು, ಒಂದೊಂದಾಗಿ ನನ್ನ ತಲೆಯ ಮೇಲೆ ಬರತೊಡಗಿದವು. ಹೆಚ್ಚಿನವು ಪಡುವಣದ ಗೋಡೆಯ ಕಡೆಗೇ. ಗಾಳಿ ಬರುವುದು ಆ ಕಡೆಯಿಂದ ತಾನೆ. ಎರಡು ಶೀಟು ಒಂದರ ಮೇಲೊಂದು ಕೂರುವ ಸಂದಿ ನೋಡಿ ಅಲ್ಲಲ್ಲಿಗೆ ಇಡುತ್ತಿದ್ದ. ನಾನು ಅಂಗಾತ ಮಲಗಿ ಸದ್ದಿನ ಮೇಲೆಯೇ ಯಾವ ಕಲ್ಲು ಎಲ್ಲಿ ಕೂತಿತು ಎಂದು ಗುರುತು ಮಾಡಿಕೊಳ್ಳುತ್ತಿದ್ದೆ. ಬಾಣಂತಿಗೆ ಬೇರೆ ಕೆಲಸ ಏನಿರುತ್ತದೆ?

"ಅಪ್ಪಾ! ಅಷ್ಟೊಂದು ಹೇರಿದ್ಯಲ್ಲ, ಒಳಕ್ಕೆ ಬಿದ್ರೆ?" ಎಂದು ಕೂಗಿದೆ.

"ಬೀಳೋದ್ಯಾಕೆ? ಹಳೇ ಕಲ್ಲು ನಿನ್ ಮದುವೆಗೆ ಮುಂಚಿಂದ ಅವೆ ಅಲ್ಲಿ. ಯಾವತ್ತು ಬಿದ್ದಿದ್ವು?" ಮೇಲಿಂದ ಉತ್ತರ ಬಂತು. ಮತ್ತೆ ಅಪ್ಪನ ದನಿ, ಈ ಸಲ ಮೆತ್ತಗೆ. "ಕೂಸನ್ನ ಯಾವ ಕಡೆ ಮಲಗ್ಸಿದ್ದೀಯವ್ವಾ?"

"ಗೋಡೆ ಕಡೆ. ಕಿಟಕಿ ಪಕ್ಕ."

"ಹಂಗಾದ್ರೆ ಅಲ್ಲಿಗೆ ಗಟ್ಟಿಯಾಗಿರೋದು ಒಂದು ಇಡ್ತೀನಿ ಇರು."

ಇಳಿದುಹೋದವನು ಅಟ್ಟದ ಕೆಳಗೆ ಬಿದ್ದಿದ್ದ ರಾಗಿ ಬೀಸುವ ಕಲ್ಲಿನ ಮೇಲಿನ ಹೋಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಅಂಗಳದಲ್ಲಿ ಅಜ್ಜಿ ಬಾಯಿ ಮಾಡುವುದು ಕೇಳಿಸಿತು. "ಲೋ, ಬೀಸೋ ಕಲ್ಲು ಲಕ್ಷ್ಮಿ ಕಣೋ! ಅದನ್ನ ಮಳೇಲಿ ನೆನೆ ಹಾಕ್ತಾರಾ?" ಅಪ್ಪ ಉಸಿರು ಬಿಡುತ್ತಾ ಏಣಿ ಹತ್ತುತ್ತಲೇ ಹೇಳಿದ, "ಲಕ್ಷ್ಮಿನೇ ಕಾಯ್ಲಿ ಬಿಡವ್ವ ನಮ್ ಲಕ್ಷ್ಮಿನ." ಆ ಹೋಳು ಕೂತಾಗ ಶೀಟು ಒಂದು ಸಲ ಕೆಳಕ್ಕೆ ಜಗ್ಗಿ ನಿಂತಿತು. ಸರಿಯಾಗಿ ಅದರ ಕೆಳಗೆ ನನ್ನ ಮಗುವಿನ ಹಣೆ ಇತ್ತು.

ಅಪ್ಪ ಇಳಿದು ಕೈ ಒರೆಸಿಕೊಂಡು ಹೋದ ಕೂಡಲೇ ಮಗುವನ್ನು ನನ್ನ ಈ ಕಡೆಗೆ, ಬಾಗಿಲಿನ ಕಡೆಗೆ, ಎಳೆದು ಮಲಗಿಸಿಕೊಂಡೆ. ಅಲ್ಲಿ ಮೇಲೆ ಚಪ್ಪಡಿ ಚೂರು ಇತ್ತು, ನಿಜ. ಬೀಸುವ ಕಲ್ಲಿಗಿಂತ ಚಪ್ಪಡಿ ಚೂರು ವಾಸಿ ಎಂದು ಲೆಕ್ಕ ಹಾಕುವ ಗತಿ ನನಗೆ ಬಂದಿತ್ತು. ಮೆಣಸಿನ ಸಾರು ತಂದ ಅಜ್ಜಿ ನೋಡಿದಳು. "ಬಾಗ್ಲು ಸಂದೀಲಿ ಗಾಳಿ ಸುಯ್ ಅಂತೈತೆ, ಇಲ್ಲಿ ಮಲಗಿಸ್ತಾಳಂತೆ ಮಗೂನ, ಬುದ್ಧಿಗೇಡಿ!" ಎಂದು ಎತ್ತಿ ಮತ್ತೆ ಗೋಡೆಯ ಕಡೆಗೆ ಇಟ್ಟಳು. ಅವಳು ಹೋದ ಮೇಲೆ ನಾನು ಈ ಕಡೆಗೆ ಎಳೆದೆ. ಬಾಂಡಲಿಗೆ ಕೆಂಡ ಹಾಕಲು ಬಂದವಳು ಮತ್ತೆ ಆ ಕಡೆಗೆ ಇಟ್ಟಳು. ಮಗುವೋ, ಯಾರು ಎಲ್ಲಿ ಇಟ್ಟರೂ ಹಾಲು ಕುಡಿದು ಮಲಗುತ್ತಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆಯವರ ಫೋನ್ ಬಂತು. ಅವರು ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿ ಕೆಲಸಕ್ಕಿರುವವರು. ಸಾಮಾನ್ಯವಾಗಿ ಎರಡೇ ಮಾತು, ಊಟ ಆಯ್ತಾ, ಪಾಪು ಏನ್ ಮಾಡ್ತೈತೆ. ಆವತ್ತು ದನಿಯೇ ಬೇರೆ ಇತ್ತು. "ಇಲ್ಲಿ ಗೇಟ್ ಹತ್ರ ಇದ್ದ ಶೆಡ್ಡು ಪೂರ್ತಿ ಎದ್ದೋಯ್ತು ಕಣೇ. ಶೀಟು ರೋಡಿಗೆ ಬಂದು ಬಿತ್ತು. ನೀನು ಆ ಕೋಣೇಲಿ ಇರ್ಬೇಡ. ಹುಳದ ಮನೆಗೆ ಹೋಗು. ಅದೊಂದೇ ಮೋಲ್ಡು ಇರೋದು ನಿಮ್ಮನೇಲಿ. ಕೇಳಿಸ್ತಾ? ಮಗೂನ ಎತ್ಕೊಂಡು ಈಗಲೇ..." ಅಷ್ಟಕ್ಕೆ ಕಟ್ಟಾಯಿತು. ಮತ್ತೆ ಮಾಡಿದರೆ ನೆಟ್‌ವರ್ಕ್ ಇಲ್ಲ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು.

ಹುಳದ ಮನೆ ನಮ್ಮ ಅಂಗಳದ ಆ ತುದಿಯಲ್ಲಿದೆ. ಹುಳಕ್ಕೆ ಬಿಸಿ ಥಂಡಿ ಹದವಾಗಿರಬೇಕೆಂದು ಅಪ್ಪ ಗಟ್ಟಿ ಗೋಡೆ, ಮೇಲೆ ಕಾಂಕ್ರೀಟು ಮೋಲ್ಡು, ನೆಲಕ್ಕೆ ಸಿಮೆಂಟು ಎಲ್ಲ ಹಾಕಿಸಿ ಕಟ್ಟಿದ್ದ. ಹುಳಕ್ಕೆ ಮೋಲ್ಡು, ಮಗಳಿಗೆ ಶೀಟು ಎಂದು ನಾನು ಚುಚ್ಚಿದಾಗಲೆಲ್ಲ ಹಲ್ಲು ಬಿಡುತ್ತಿದ್ದ. ಆ ಮನೆಗೆ ಬಾಣಂತಿ ಕಾಲಿಡುವ ಹಾಗಿಲ್ಲ. ಮುಟ್ಟಾದವರೇ ಹೋಗುವುದಿಲ್ಲ, ಇನ್ನು ಪುರುಡಿನವಳು ಹೋಗುವುದೆಂದರೆ! ಮೈಲಿಗೆ ಒಂದಾದರೆ ವಾಸನೆ ಇನ್ನೊಂದು. ಬೆಳ್ಳುಳ್ಳಿ, ಇಂಗು, ಸಾಂಬ್ರಾಣಿ ಯಾವುದೂ ಹುಳಕ್ಕೆ ಆಗುವುದಿಲ್ಲ, ಸೊಪ್ಪು ಬಿಟ್ಟುಬಿಡುತ್ತವೆ ಎನ್ನುತ್ತಾರೆ. ನನ್ನ ಮೈಯಲ್ಲಿ ಆ ಮೂರನ್ನು ಬಿಟ್ಟು ಬೇರೆ ವಾಸನೆಯೇ ಇರಲಿಲ್ಲ. ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲದ ಪೊರೆ ಬಿಟ್ಟು ಎದ್ದು ಹಬ್ಬದೂಟದಂತೆ ಮೇಯುತ್ತಿದ್ದ ಸಮಯ. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿ, ಅದರಲ್ಲಿ ಕಾಲದ್ದದೆ ಒಳಗೆ ಹೋದರೆ ಅಪ್ಪನನ್ನೂ ಬಿಡದೆ ಉಗಿಯುತ್ತಿದ್ದವಳು ಇದೇ ಅಜ್ಜಿ.

ಅವಳಿಗೇ ಹೇಳಿದೆ. ನಮ್ಮ ಮನೆಯವರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮುಖ ತಿರುಗಿಸಿದಳು. "ನಿನ್ ಗಂಡನಿಗೇನು ಗೊತ್ತು ಬಾಣಂತನ? ಈ ಗಾಳೀಲಿ ಅಂಗಳ ದಾಟಿದ್ರೆ ನೀನೂ ಉಳಿಯಲ್ಲ, ಅದೂ ಉಳಿಯಲ್ಲ. ಹುಳನೂ ಉಳಿಯಲ್ಲ. ಸುಮ್ನೆ ಮಲಗು, ನಿಮ್ಮಪ್ಪ ಕಲ್ಲು ಇಟ್ಟವ್ನೆ." ಬಾಗಿಲು ಎಳೆದುಕೊಂಡು ಹೋದಳು. ಅಪ್ಪ ಅಮ್ಮ ಇಬ್ಬರೂ ಹುಳದ ಮನೆಯಲ್ಲಿದ್ದರು. ಬಿರುಗಾಳಿ ಬಂತೆಂದು ಹುಳ ಮೇಯುವುದನ್ನು ನಿಲ್ಲಿಸುವುದಿಲ್ಲವಲ್ಲ.

ಸಂಜೆಗೆ ಇನ್ನೂ ಹೊತ್ತಿತ್ತು, ಆದರೆ ಕೋಣೆಯೊಳಗೆ ಕತ್ತಲೆ. ಕೆಂಡದ ಬೆಳಕಷ್ಟೇ. ಆಗ ಗಾಳಿ ಬಂತು. ನಾನು ಪಡುವಣದ ಗೋಡೆಗೆ ಕಿವಿ ಕೊಟ್ಟು ಕಾಯುತ್ತಿದ್ದೆ. ಅದು ಬಂದದ್ದು ಮೂಡಣದಿಂದ. ಮೊದಲು ದೂರದ ನೀಲಗಿರಿ ತೋಪಿನಲ್ಲಿ ಭೋರ್ ಎಂದಿತು, ಆಮೇಲೆ ಕಲ್ಲು ಕಡಿಮೆ ಇದ್ದ ಕಡೆಯ ಶೀಟಿನ ಅಂಚಿನ ಕೆಳಗೆ ನುಗ್ಗಿತು. ಶೀಟು ಎದ್ದು ಬಡಿಯಿತು. ಮತ್ತೆ ಎದ್ದಿತು, ಮತ್ತೆ ಬಡಿಯಿತು. ಆಷಾಢದ ಗಾಳಿ ತಳ್ಳುತ್ತದೆ. ಇದು ಹಿಡಿದು ಎಳೆಯುತ್ತಿತ್ತು.

ನನಗೆ ಆ ಸದ್ದಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಸದ್ದು. ಗರ್ ಗರ್ ಎಂದು ಕಲ್ಲು ಶೀಟಿನ ಮೇಲೆ ಸರಿಯುವ ಸದ್ದು. ಮೊದಲು ಆ ಮೂಲೆಯಲ್ಲಿ, ಆಮೇಲೆ ನನ್ನ ಕಾಲಿನ ಮೇಲುಗಡೆ. ದೇವರೇ, ನನ್ನ ಕಾಲ ಮೇಲೆ ಬೇಕಾದರೆ ಬೀಳಲಿ ಎಂದುಕೊಂಡೆ. ಮಗುವನ್ನು ಎತ್ತಿಕೊಂಡು ಬಾಗಿಲ ಕಡೆ ಹೋಗೋಣ ಎಂದರೆ ಅಲ್ಲೂ ಮೇಲೆ ಕಲ್ಲು. ಮೂಲೆಗೆ ಹೋಗೋಣ ಎಂದರೆ ಅಲ್ಲೂ. ನನ್ನಪ್ಪ ಒಂದು ಕಡೆಯನ್ನೂ ಬಿಟ್ಟಿರಲಿಲ್ಲ. ಕೊನೆಗೆ ಮಗುವನ್ನು ಎದೆಗೆ ಒತ್ತಿಕೊಂಡು, ಹೊಲಿಗೆ ಬಿಟ್ಟರೆ ಬಿಡಲಿ ಎಂದು ಕಬ್ಬಿಣದ ಮಂಚದ ಕೆಳಗೆ ನುಸುಳಿದೆ. ಮಗುವಿನ ಬಟ್ಟೆ, ತಲೆದಿಂಬು ಎಲ್ಲ ಮೇಲೆಯೇ ಉಳಿದವು. ಶೀಟು ಎದ್ದಾಗಲೆಲ್ಲ ಗಾಳಿ ಒಳಗೆ ಇಳಿದು ಬಾಂಡಲಿಯ ಕೆಂಡವನ್ನು ಊದಿ ಕಿಡಿ ಹಾರಿಸುತ್ತಿತ್ತು. ಒಂದು ಕಿಡಿ ನನ್ನ ಸೆರಗಿಗೆ ಬಿತ್ತು. ಕೈಯಲ್ಲೇ ಒರೆಸಿದೆ. "ಅಜ್ಜೀ! ಅಪ್ಪಾ!" ಎಂದು ಕಿರುಚಿದೆ. ಹತ್ತಿ ತುರುಕಿದ ಕಿವಿಗೆ ನನ್ನ ದನಿಯೇ ಯಾರದೋ ದನಿಯಂತೆ ಕೇಳಿತು.

ಬಾಗಿಲು ತೆರೆದುಕೊಂಡಿತು. ಮಂಚದ ಕೆಳಗಿಂದ ನನಗೆ ಕಂಡದ್ದು ಅಜ್ಜಿಯ ಪಾದ, ಕಾಲುಂಗುರ, ಒದ್ದೆ ಸೀರೆಯ ಅಂಚು. "ಎಲ್ಲೇ ಹೋದೆ, ಲೇ, ಎಲ್ಲಿದ್ದೀಯೇ" ಎನ್ನುತ್ತಾ ಮಂಚ ತಡವಿದಳು. ಕೆಳಗೆ ಬಗ್ಗಿ ನೋಡಿ ಬೈಯಲು ಬಾಯಿ ತೆರೆದಳು. ಅದೇ ಹೊತ್ತಿಗೆ ಮೇಲೆ ಗರ್ ಎಂದಿತು, ಕಾಲ್ದೆಸೆಯ ಸಂದಿ ಬಾಯಿಬಿಟ್ಟು ಸೈಜುಗಲ್ಲೊಂದು ಬಾಂಡಲಿಯ ಪಕ್ಕದ ನೆಲಕ್ಕೆ ಬಿತ್ತು. ನೆಲ ನಡುಗಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಅಜ್ಜಿ ತಲೆಯೆತ್ತಿ ಮೇಲೆ ನೋಡಿದಳು. ಬೈಗುಳ ಅಲ್ಲೇ ನಿಂತಿತು.

ಆಮೇಲೆ ಅವಳು ಮಾಡಿದ ಮೊದಲ ಕೆಲಸ ನನ್ನ ಸ್ಕಾರ್ಫಿನೊಳಗೆ ಬೆರಳು ತೂರಿಸಿ ಕಿವಿಯ ಹತ್ತಿ ಕಿತ್ತು ಎಸೆದದ್ದು. "ಕೇಳಿಸ್ತಾ ಈಗ? ನಾನು ಓಡು ಅಂದಾಗ ಓಡ್ಬೇಕು. ಹಿಂದೆ ನೋಡ್ಕೂಡ್ದು." ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ರವಿಕೆಗೆ ಒತ್ತಿ, ಸೆರಗು ಬಿಗಿದು, ಕಿಟಕಿಯ ಗೋಣಿಚೀಲ ಕಿತ್ತು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಳು. ಗಾಳಿ ಬರಬಾರದೆಂದು ಅವಳೇ ಹೊಡೆಸಿದ್ದ ಗೋಣಿ. "ಓಡು!" ಎಂದಳು.

ಅಂಗಳ ಎಷ್ಟು ಮಹಾ ಇದೆ? ಹಬ್ಬಕ್ಕೆ ಒಂದು ದೊಡ್ಡ ರಂಗೋಲಿ ಬಿಟ್ಟರೆ ತುಂಬಿಹೋಗುತ್ತದೆ. ಆವತ್ತು ಅದು ಮುಗಿಯಲೇ ಇಲ್ಲ. ಮಳೆ ಮೇಲಿಂದ ಬರುತ್ತಿರಲಿಲ್ಲ, ಪಕ್ಕದಿಂದ ಮುಖಕ್ಕೆ ಎರಚುತ್ತಿತ್ತು. ಹಂಚುಗಳು ಹಾರಿ ಒಡೆಯುತ್ತಿದ್ದವು. ಅಜ್ಜಿ ಗಾಳಿಗೆ ಬೆನ್ನು ಕೊಟ್ಟು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದಳು. ನಾನು ಅವಳ ಸೊಂಟದ ಸೀರೆ ಹಿಡಿದುಕೊಂಡಿದ್ದೆ. ಹಿಂದೆ ಶೀಟು ಕಿತ್ತು ಹೋಗುವ ಸದ್ದು ಬಂತು, ಅದರ ಹಿಂದೆಯೇ ಧಡ ಧಡ ಎಂದು ಕಲ್ಲುಗಳು ಬಿದ್ದವು. ಹಿಂದೆ ನೋಡಕೂಡದು ಎಂದಿದ್ದಳು, ನೋಡಲಿಲ್ಲ.

ಹುಳದ ಮನೆಯ ಬಾಗಿಲಿಗೆ ಅಡ್ಡವಾಗಿ ಅಪ್ಪ ನಿಂತಿದ್ದ. ಆ ಸದ್ದು ಕೇಳಿ ನಮ್ಮ ಕಡೆ ಓಡಿ ಬರಲು ಹೊರಟವನು ನಮ್ಮನ್ನು ಕಂಡು ಕಲ್ಲಾಗಿದ್ದ. "ಅವ್ವಾ, ಬಾಣಂತಿ... ಹುಳ..." ಎಂದು ಬಾಯಿಂದ ತಾನಾಗಿ ಬಂದುಬಿಟ್ಟಿತು ಪಾಪ.

"ಹುಳ ಹೋದ್ರೆ ಇನ್ನೊಂದು ಬೆಳೆ ಕಣೋ, ದಾರಿ ಬಿಡೋ ಮುಂಡೇದೇ!" ಅಜ್ಜಿ ಅವನನ್ನು ಭುಜದಲ್ಲೇ ತಳ್ಳಿದಳು. ಸುಣ್ಣದ ಪುಡಿಯಲ್ಲಿ ಕಾಲದ್ದಲಿಲ್ಲ. ದಾಟಿಕೊಂಡು ಒಳಗೆ ಹೋದಳು.

ಒಳಗೆ ಹುಳದ ಸ್ಟ್ಯಾಂಡುಗಳ ಸಂದಿಯಲ್ಲಿ ಸೊಪ್ಪಿನ ರಾಶಿಯ ಪಕ್ಕ ಕೂತೆವು. ಅಜ್ಜಿ ಸೆರಗು ಬಿಚ್ಚಿದಳು. ಮಗು ಅಳುತ್ತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಪಾದ ಮುಟ್ಟಿದರೆ ಬಾವಿ ನೀರು. ಅಷ್ಟು ಹೊತ್ತೂ ಕಲ್ಲಿಗೆ ಹೆದರಿದ್ದೆ, ಈಗ ಅಜ್ಜಿಯ ಗಾಳಿಗೆ ಹೆದರಿದೆ. ಅವಳು ಹೇಳಿದ್ದೇ ನಿಜವಾಯಿತು, ಗಾಳಿ ತಾಗಿತು, ನಾನೇ ಆಚೆ ತಂದು ಕೊಂದುಬಿಟ್ಟೆ ಎಂದು ಬಾಯಿಬಿಟ್ಟು ಅತ್ತೆ. ಹುಳದ ಮನೆಯಲ್ಲಿ ಬೆಂಕಿ ಮಾಡುವ ಹಾಗಿಲ್ಲ. ಅಮ್ಮ ನನ್ನ ಒದ್ದೆ ಬಟ್ಟೆಯನ್ನೆಲ್ಲ ಸುಲಿದು, ಮಗುವನ್ನು ಬರಿಮೈಯಲ್ಲಿ ನನ್ನ ಎದೆಗೆ ಹಾಕಿ, ಸೊಪ್ಪಿಗೆ ಹೊದಿಸಿದ್ದ ಒಣ ಗೋಣಿಗಳನ್ನು ಮೇಲೆ ಹೇರಿದಳು. ಅಜ್ಜಿ ಅದರ ಅಂಗಾಲು ಉಜ್ಜುತ್ತಾ ಕೂತಳು. ಉಜ್ಜುತ್ತಾ "ಅಳೇ, ಅಳೇ ನನ್ನವ್ವ, ಒಂದ್ಸಲ ಅಳೇ" ಎನ್ನುತ್ತಿದ್ದಳು. ನನ್ನ ಬಾಯಿ ಮುಚ್ಚಿಸಿದವಳು ಮಗುವನ್ನು ಬಾಯಿ ಬಿಡು ಎಂದು ಬೇಡಿಕೊಳ್ಳುತ್ತಿದ್ದಳು.

ಸುತ್ತ ಹುಳಗಳು ಸೊಪ್ಪು ಮೇಯುವ ಚರಚರ ಸದ್ದು. ಹೊರಗಿನ ಆರ್ಭಟ ಒಂದು ಕ್ಷಣ ತಗ್ಗಿದಾಗಲೆಲ್ಲ ಅದೊಂದೇ ಕೇಳುತ್ತಿತ್ತು. ನನ್ನ ಬೆಳ್ಳುಳ್ಳಿ ವಾಸನೆಗೆ ಒಂದು ಹುಳವೂ ಮುಖ ತಿರುಗಿಸಿದಂತೆ ಕಾಣಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಎದೆಯ ಮೇಲೆ ಏನೋ ಕದಲಿತು. ಮಗು ಮೂಗು ಉಜ್ಜುತ್ತಾ ಹುಡುಕಿ, ಸಿಕ್ಕದೆ ಸಿಟ್ಟಿಗೆದ್ದು, ಕಿಟಾರನೆ ಚೀರಿತು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಪ್ಪ ಬಾಗಿಲಿಗೆ ಮುಖ ಮಾಡಿಕೊಂಡು ನಿಂತ. "ನಿನ್ನಂಗೇ ಬಾಯಿಬಡುಕಿ" ಎಂದು ಅಜ್ಜಿ ಮೂಗು ಒರೆಸಿಕೊಂಡಳು.

ಇವತ್ತಿಗೂ ಕಡಲಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ನನಗೆ ಅನ್ನ ಸೇರುವುದಿಲ್ಲ. ನಮ್ಮ ಮನೆಯವರು ನಗುತ್ತಾರೆ, ಈಗ ನಮ್ಮದು ಮೋಲ್ಡು ಮನೆ ಅಲ್ವೇನೇ ಎನ್ನುತ್ತಾರೆ. ಇರಲಿ. ಮಗಳು ಮಲಗಿರುವ ಕಡೆ ನಾನು ಒಮ್ಮೆ ಮೇಲೆ ನೋಡಿಯೇ ನೋಡುತ್ತೇನೆ. ತವರಿನಲ್ಲಿ ಅಪ್ಪ ಆಮೇಲೆ ಶೀಟನ್ನೇ ಹಾಕಿಸಲಿಲ್ಲ, ಆ ಕೋಣೆ ಹಾಗೇ ಬಯಲಾಗಿದೆ. ಅದಕ್ಕೆ ಕಾರಣ ಮಾರನೆಯ ಬೆಳಿಗ್ಗೆ.

ಬೆಳಿಗ್ಗೆ ಮಳೆ ಇತ್ತು, ಗಾಳಿ ಇರಲಿಲ್ಲ. ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, ಅಜ್ಜಿ ಕಣ್ಣು ಮುಚ್ಚಿದ್ದು ನೋಡಿಕೊಂಡು, ಮೆಲ್ಲಗೆ ಅಂಗಳ ದಾಟಿ ಹೋದೆ. ಕೋಣೆಗೆ ಬಾಗಿಲಿತ್ತು, ಗೋಡೆಯಿತ್ತು, ಮೇಲೆ ಆಕಾಶ. ಶೀಟುಗಳು ಪಕ್ಕದವರ ಹೊಲ ಸೇರಿದ್ದವು. ಕಲ್ಲುಗಳೆಲ್ಲ ಒಳಗೇ ಇದ್ದವು, ನಾನು ಸದ್ದಿನಲ್ಲಿ ಗುರುತಿಟ್ಟುಕೊಂಡಿದ್ದ ಜಾಗಗಳಲ್ಲೇ ಹೆಚ್ಚುಕಡಿಮೆ. ಬೀಸುವ ಕಲ್ಲಿನ ಹೋಳು ಮಂಚದ ಮೇಲೆ, ಗೋಡೆಯ ಕಡೆ, ಕಿಟಕಿಯ ಪಕ್ಕ, ಹಾಸಿಗೆಯಲ್ಲಿ ಹೂತು ಕೂತಿತ್ತು. ಅದರ ಕೆಳಗಿಂದ ಮಗುವಿನ ಸಣ್ಣ ತಲೆದಿಂಬಿನ ಅಂಚು ಕಾಣುತ್ತಿತ್ತು. ಮಂಚದ ಆ ಕಡೆಯ ಪಟ್ಟಿ ಬಗ್ಗಿ ನೆಲ ಮುಟ್ಟಿತ್ತು. ನಾನು ಕೆಳಗೆ ಅಡಗಿದ್ದ ಜಾಗ ಅದೇ.

ಹಿಂದೆ ಅಪ್ಪ ಬಂದದ್ದು ಗೊತ್ತಾಗಲಿಲ್ಲ. ಕೇಳುವುದೇನಿತ್ತು, ಯಾವ ಕಡೆ ಮಲಗಿಸಿದ್ದೀಯವ್ವಾ ಎಂದು ನಿನ್ನೆಯೇ ಕೇಳಿದ್ದನಲ್ಲ. ಮಂಚದ ಹತ್ತಿರ ಹೋಗಿ ಬಗ್ಗಿ ಆ ಕಲ್ಲಿಗೆ ಎರಡೂ ಕೈ ಹಾಕಿದ. ಹೆಗಲ ಮೇಲಿಟ್ಟುಕೊಂಡು ಒಬ್ಬನೇ ಏಣಿ ಹತ್ತಿಸಿದ್ದ ಕಲ್ಲು. ಎತ್ತಲು ನೋಡಿದ, ಆಗಲಿಲ್ಲ. ಕೈ ಒರೆಸಿಕೊಂಡು ಮತ್ತೆ ಹಿಡಿದ. ಮಂಚದಿಂದ ನೆಲಕ್ಕೆ ಇಳಿಸುವಷ್ಟೂ ಅವನ ಕೈಗಳಲ್ಲಿ ಆಗಲಿಲ್ಲ.